ತಾಮ್ರದ ಲೈನಿಂದ ಫೈಬರ್ ಫೋನಿಗೆ: ಹಳೇ ತಂತಿ ಬಿಚ್ಚುವ ಮುಂಚೆ ಮಾಡಬೇಕಾದ ಕೆಲಸ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟದ ಮನೆಗಳಿಗೆ ಲ್ಯಾಂಡ್‌ಲೈನ್ ಇನ್ನೂ ಬೇಕೇ ಬೇಕು. ಮನೆ ಇರುವುದು ಕಣಿವೆಯಲ್ಲಿ. ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಗುಡ್ಡ ಹತ್ತಿ ಫೋನ್ ಮಾಡುವುದಕ್ಕೆ ಆಗುತ್ತದಾ? ಇಂಥ ಮನೆಗಳಿಗೆ ಲೈನ್ ಎಳೆಯುವುದು, ಜಾಯಿಂಟ್ ಹಾಕುವುದು, ಮಳೆಗಾಲದಲ್ಲಿ ಬಿದ್ದ ಪೋಸ್ಟ್ ಎತ್ತಿ ನಿಲ್ಲಿಸುವುದು, ಇದೇ ನನ್ನ ನೌಕರಿಯಾಗಿತ್ತು. ಈಗ ಅದೇ ಮನೆಗಳಿಗೆ ಫೈಬರ್ ಬರುತ್ತಿದೆ. ನಿವೃತ್ತಿಯಾದ ಮೇಲೂ ಕರೆದವರ ಮನೆಗೆ ಹೋಗಿ ಬದಲಾವಣೆಗೆ ಕೈಜೋಡಿಸುತ್ತೇನೆ. ಹೋದಲ್ಲೆಲ್ಲ ಹೇಳುವ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಏನು ಬದಲಾಗುತ್ತದೆ ಅಂತ ತಿಳಿದುಕೊಳ್ಳಿ. ಹಳೇ ಫೋನಿಗೆ ಮನೆಯ ಕರೆಂಟ್ ಬೇಕಾಗಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿ ರೂಮಿನಿಂದ 48 ವೋಲ್ಟ್ ಡಿಸಿ ಅದೇ ಎರಡು ತಂತಿಯಲ್ಲಿ ನಿಮ್ಮ ಮನೆಗೆ ಬರುತ್ತಿತ್ತು. ರಿಂಗ್ ಆಗುವಾಗ ಅದರ ಮೇಲೆ 75 ವೋಲ್ಟಿನ ಆಸುಪಾಸು ಎಸಿ ಬರುತ್ತಿತ್ತು. ಒದ್ದೆ ಕೈಯಲ್ಲಿ ಜಾಯಿಂಟ್ ಹಿಡಿದಾಗ ಯಾರೋ ಆ ನಂಬರಿಗೆ ಫೋನ್ ಮಾಡಿದರೆ ಏನಾಗುತ್ತದೆ ಅಂತ ಯಾವ ಲೈನ್‌ಮ್ಯಾನನ್ನು ಕೇಳಿದರೂ ಹೇಳುತ್ತಾನೆ. ಊರಿಗೆಲ್ಲ ಕರೆಂಟ್ ಹೋದರೂ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಇತ್ತು, ಅದು ಇಳಿಯುವ ಮುಂಚೆ ಡೀಸೆಲ್ ಇಂಜಿನ್ ಚಾಲೂ ಆಗುತ್ತಿತ್ತು.

ಫೈಬರ್ ಅಂದರೆ ಗಾಜು. ಗಾಜಿನಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಹಾಗಾಗಿ ಡಯಲ್ ಟೋನ್ ಕೊಡುವುದು, ಗಂಟೆ ಬಾರಿಸುವುದು, ನಿಮ್ಮ ಮಾತನ್ನು ಅಂಕಿಯಾಗಿ ಬದಲಿಸುವುದು ಎಲ್ಲವನ್ನೂ ಈಗ ನಿಮ್ಮ ಗೋಡೆಯ ಮೇಲಿನ ಡಬ್ಬಿ ಮಾಡುತ್ತದೆ. ಅದಕ್ಕೆ ಓಎನ್‌ಟಿ ಅನ್ನುತ್ತಾರೆ. ಎಕ್ಸ್‌ಚೇಂಜಿನ ಅರ್ಧ ಕೆಲಸ ನಿಮ್ಮ ಜಗುಲಿಗೆ ಬಂದಿದೆ. ಎಕ್ಸ್‌ಚೇಂಜಿನವರು ಸದ್ದಿಲ್ಲದೆ ನೋಡಿಕೊಳ್ಳುತ್ತಿದ್ದ ಕರೆಂಟು, ಸಿಡಿಲಿನ ರಕ್ಷಣೆ, ಟೆಸ್ಟಿಂಗ್ ಇವನ್ನೂ ಈಗ ಮನೆಯವರೇ ನೋಡಿಕೊಳ್ಳಬೇಕು. ಮುಂದೆ ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಮಾತು ಹೋಗುವ ರೀತಿಯೂ ಬೇರೆ. ಹಳೇ ಡಿಜಿಟಲ್ ಎಕ್ಸ್‌ಚೇಂಜು ಒಂದು ಕರೆಗೆ 64 ಕಿಲೋಬಿಟ್‌ನ ಒಂದು ದಾರಿಯನ್ನು ಪೂರ್ತಿ ಬಿಟ್ಟುಕೊಡುತ್ತಿತ್ತು. ನೀವು ಸುಮ್ನೆ ಕೂತರೂ ಆ ದಾರಿ ನಿಮ್ಮದೇ. 1986ರಲ್ಲಿ ಸರಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಬಂದದ್ದು ನಮ್ಮ ಕಿತ್ತೂರಿಗೆ. ಎಸಿ ಇಲ್ಲದ ಕೋಣೆಯಲ್ಲಿ, ಧೂಳಿನಲ್ಲಿ, ಸೆಕೆಯಲ್ಲಿ ನಡೆಯಲೆಂದೇ ಮಾಡಿದ ಎಕ್ಸ್‌ಚೇಂಜ್ ಅದು. ಹಳ್ಳಿಗಳಿಗೆ ಫೋನ್ ಬಂದದ್ದು ಅಂಥ ಯಂತ್ರಗಳಿಂದ. ನನಗೆ ಅವುಗಳ ಮೇಲೆ ಇವತ್ತಿಗೂ ಗೌರವ ಇದೆ. ಹೊಸ ಪದ್ಧತಿಯಲ್ಲಿ ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡು ಮಾಡಿ, ಪ್ರತಿ ತುಂಡಿಗೂ ವಿಳಾಸ ಹಚ್ಚಿ, ಇಂಟರ್ನೆಟ್ ಡೇಟಾ ಹೋಗುವ ದಾರಿಯಲ್ಲೇ ಕಳಿಸುತ್ತಾರೆ. ಸೆಕೆಂಡಿಗೆ 50 ತುಂಡು. ವಿಳಾಸದ ಭಾರವೂ ಸೇರಿ ಒಂದು ಕರೆಗೆ ಒಂದೊಂದು ದಿಕ್ಕಿಗೆ 80ರಿಂದ 90 ಕಿಲೋಬಿಟ್ ಬೇಕು. ಫೈಬರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ತುಂಡುಗಳು ಸರಿಯಾದ ಹೊತ್ತಿಗೆ ಬರಬೇಕು. ಒಂದು ಬದಿಯಿಂದ ಇನ್ನೊಂದು ಬದಿಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಮಾತುಕತೆ ಸಲೀಸು. ಅದಕ್ಕಿಂತ ಜಾಸ್ತಿಯಾದಷ್ಟೂ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ನಿಲ್ಲಿಸುವುದು ಶುರುವಾಗುತ್ತದೆ.

ಅರ್ಜಿ ಕೊಡುವ ಮುಂಚೆ

ನಂಬರ್ ಉಳಿಯುತ್ತದಾ ಅಂತ ಮೊದಲು ಕೇಳಿ. ಮೊಬೈಲ್ ನಂಬರನ್ನು ಬೇರೆ ಕಂಪನಿಗೆ ಒಯ್ಯುವ ಸೌಲಭ್ಯ 2011ರ ಜನವರಿಯಲ್ಲಿ ದೇಶವೆಲ್ಲ ಬಂತು. ಲ್ಯಾಂಡ್‌ಲೈನಿಗೆ ಅದು ಇಲ್ಲ. ಹಾಗಾಗಿ ಹಳೇ ನಂಬರೇ ಬೇಕೆಂದರೆ ಲೈನ್ ಕೊಟ್ಟ ಸಂಸ್ಥೆಯಲ್ಲೇ ತಾಮ್ರದಿಂದ ಫೈಬರಿಗೆ ಬದಲಿಸಿ ಅಂತ ಕೇಳಬೇಕು. ಹೊಸ ಕನೆಕ್ಷನ್ ಅಂತ ಅರ್ಜಿ ಬರೆದರೆ ಹೊಸ ನಂಬರ್ ಬರುತ್ತದೆ. ಅರ್ಜಿಯಲ್ಲೇ "08384 ಕೋಡಿನ ಇಂಥ ನಂಬರನ್ನು ಹಾಗೇ ಉಳಿಸಿಕೊಂಡು" ಅಂತ ಸ್ಪಷ್ಟವಾಗಿ ಬರೆಯಿರಿ, ರಶೀದಿ ಇಟ್ಟುಕೊಳ್ಳಿ. ಸಂಬಂಧಿಕರು, ಅಡಿಕೆ ವ್ಯಾಪಾರಿಗಳು, ಪುರೋಹಿತರು ಎಲ್ಲರ ಡೈರಿಯಲ್ಲೂ ಅದೇ ನಂಬರ್ ಇರುತ್ತದೆ, ಅಲ್ವಾ?

ಇನ್ನೊಂದು ಮಾತು. ಹೊಸದು ಪೂರ್ತಿ ಪರೀಕ್ಷೆ ಆಗುವವರೆಗೆ ಹಳೇ ಲೈನನ್ನು ಒಪ್ಪಿಸಬೇಡಿ. ಒಂದೇ ನಂಬರ್ ಎರಡೂ ಕಡೆ ಇರುವುದಿಲ್ಲ, ನಿಜ. ಆದರೆ ಫೈಬರ್ ಎಳೆದು, ಇಂಟರ್ನೆಟ್ ನಾಲ್ಕು ದಿನ ಸರಿಯಾಗಿ ನಡೆದ ಮೇಲೆ ನಂಬರ್ ಬದಲಿಸಿ ಅಂತ ಕೇಳಬಹುದು. ಬಹಳ ಕಡೆ ಒಪ್ಪುತ್ತಾರೆ.

ಆಮೇಲೆ ಮನೆಯಲ್ಲಿ ಆ ಲೈನಿಗೆ ಏನೇನು ಸೇರಿಸಿದ್ದೀರಿ ಅಂತ ಸುತ್ತು ಹೊಡೆದು ನೋಡಿ. ತಿರುಗಿಸುವ ಡಯಲಿನ, ಐಟಿಐ ಕಾರ್ಖಾನೆಯ ಹಳೇ ಕಪ್ಪು ಫೋನ್ ಇದ್ದರೆ ಗಮನವಿಡಿ. ಅದು ಬಿಟ್ಟು ಬಿಟ್ಟು ಪಲ್ಸ್ ಕಳಿಸುತ್ತದೆ. ಬಹಳಷ್ಟು ಓಎನ್‌ಟಿಗಳಿಗೆ ಗುಂಡಿ ಒತ್ತಿದ ಟೋನ್ ಮಾತ್ರ ತಿಳಿಯುತ್ತದೆ. ಹಳೇ ಫೋನಿಗೆ ಕರೆ ಬರುತ್ತದೆ, ಗಂಟೆ ಹೊಡೆಯುತ್ತದೆ, ಆದರೆ ಅದರಿಂದ ಡಯಲ್ ಮಾಡಲು ಆಗದೇ ಇರಬಹುದು. ಅದನ್ನು ಕರೆ ತೆಗೆದುಕೊಳ್ಳುವುದಕ್ಕೆ ಇಟ್ಟುಕೊಂಡು ಪಕ್ಕದಲ್ಲಿ ಒಂದು ಗುಂಡಿ ಫೋನ್ ಇಡಿ. ಒಂದೇ ಲೈನಿಗೆ ಕೋಣೆ ಕೋಣೆಗೂ ಫೋನ್ ಹಾಕಿದ್ದರೆ ಎರಡು ಮೂರಕ್ಕೆ ಇಳಿಸಿ. ಎಕ್ಸ್‌ಚೇಂಜಿಗೆ ಇದ್ದಷ್ಟು ರಿಂಗ್ ಕೊಡುವ ಶಕ್ತಿ ಈ ಪುಟ್ಟ ಡಬ್ಬಿಗೆ ಇಲ್ಲ. ಫ್ಯಾಕ್ಸ್, ಕಳ್ಳರ ಅಲಾರಂ, ಲಿಫ್ಟಿನೊಳಗಿನ ಫೋನ್, ಹಳೇ ಕಾರ್ಡ್ ಮಷೀನ್ ಇದ್ದರೆ ಪಟ್ಟಿ ಮಾಡಿ. ಅವು ಮಾತಿನ ಬದಲು ಸದ್ದಿನಲ್ಲಿ ಡೇಟಾ ಕಳಿಸುತ್ತವೆ. ಒಂದೆರಡು ತುಂಡು ತಪ್ಪಿದರೆ ನಮ್ಮ ಕಿವಿಗೆ ಗೊತ್ತಾಗುವುದಿಲ್ಲ, ಆದರೆ ಆ ಮಷೀನುಗಳ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಇಂಗ್ಲೆಂಡಿನಲ್ಲಿ ಮಕ್ಕಳಿರುವ ಮನೆಯವರಿಗೂ ಈ ಮಾತು ಬೇಕು. ಅಲ್ಲಿ ಹಳೇ ಫೋನ್ ಜಾಲವನ್ನು 2025ರ ಕೊನೆಗೆ ನಿಲ್ಲಿಸುತ್ತೇವೆ ಅಂದಿದ್ದರು, ಈಗ 2027ರ ಜನವರಿಗೆ ಮುಂದೂಡಿದ್ದಾರೆ. ದೊಡ್ಡ ಚಿಂತೆ ಒಂಟಿಯಾಗಿರುವ ಹಿರಿಯರದ್ದು. ಕುತ್ತಿಗೆಗೆ ಹಾಕಿಕೊಂಡು, ಬಿದ್ದರೆ ಒತ್ತುವ ತುರ್ತು ಗುಂಡಿ ಲ್ಯಾಂಡ್‌ಲೈನ್ ಮೇಲೆ ನಿಂತಿರುತ್ತದೆ. ಫೋನ್ ಬದಲಾದ ಮೇಲೆ ಕೆಲವು ಕಡೆ ಅದು ಕೆಲಸ ಮಾಡದೆ ಅನಾಹುತವಾಗಿ, 2023ರ ಡಿಸೆಂಬರಿನಲ್ಲಿ ಜನರನ್ನು ಕೇಳದೆ ಬದಲಿಸುವುದನ್ನೇ ಕಂಪನಿಗಳು ನಿಲ್ಲಿಸಿದವು. ಮನೆಯಲ್ಲಿ ಅಂಥ ಗುಂಡಿ ಇದ್ದರೆ ಕಂಪನಿಗೆ ಮೊದಲೇ ಹೇಳಬೇಕು. ಬದಲಾದ ದಿನವೇ ಒತ್ತಿ ನೋಡಬೇಕು.

ಕರೆಂಟಿನ ವಿಚಾರ

ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಿ. ಜೂನ್, ಜುಲೈನಲ್ಲಿ ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವುದು ನಮಗೆ ಹೊಸದಲ್ಲ. ಫೋನ್ ಬೇಕಾಗುವುದೂ ಅಂಥ ದಿನವೇ.

ಓಎನ್‌ಟಿಯ ಅಡಾಪ್ಟರ್ ಮೇಲೆ ಏನು ಬರೆದಿದೆ ಓದಿ. ಹೆಚ್ಚಿನವು 12 ವೋಲ್ಟ್ ಡಿಸಿ, 1 ಅಥವಾ 1.5 ಆಂಪಿಯರ್. ವೈಫೈಯೂ ಸೇರಿ ಓಡುವಾಗ 8ರಿಂದ 10 ವ್ಯಾಟ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ಮಿನಿ ಯುಪಿಎಸ್‌ನಲ್ಲಿ ಮೂರು ಸಣ್ಣ ಲಿಥಿಯಂ ಸೆಲ್ ಇರುತ್ತವೆ, ಒಟ್ಟು 25ರಿಂದ 29 ವ್ಯಾಟ್-ಅವರ್. ಅಂದರೆ ಎರಡೂವರೆ, ಮೂರು ತಾಸು. ಶಿರಸಿ ಪೇಟೆಯ ಮನೆಗೆ ಇದು ಸಾಕು, ಹಳ್ಳಿಗೆ ಸಾಲುವುದಿಲ್ಲ. ಮನೆಯಲ್ಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದ್ದರೆ ಓಎನ್‌ಟಿಯ ಪ್ಲಗ್ಗನ್ನು ಇನ್ವರ್ಟರ್ ಲೈನಿಗೇ ಹಾಕಿಸಿ. ಲೈಟು, ಫ್ಯಾನು ಎಲ್ಲ ಆರಿಸಿ ಓಎನ್‌ಟಿ ಒಂದನ್ನೇ ಇಟ್ಟರೂ ಇನ್ವರ್ಟರ್ ತಾನು ಓಡುವುದಕ್ಕೇ ಒಂದಷ್ಟು ತಿನ್ನುತ್ತದೆ. ಆದರೂ ಒಂದು ರಾತ್ರಿ ಧೈರ್ಯವಾಗಿ ದಾಟುತ್ತದೆ. ಸೋಲಾರ್ ದೀಪದ 12 ವೋಲ್ಟ್ ಬ್ಯಾಟರಿ ಇದ್ದವರು ಅದರಿಂದ ನೇರ ತಂತಿ ಎಳೆಯಬೇಡಿ. ಚಾರ್ಜ್ ಆಗುವಾಗ ಅದು 14 ವೋಲ್ಟ್ ದಾಟುತ್ತದೆ. ನಡುವೆ 12 ವೋಲ್ಟಿಗೆ ನಿಲ್ಲಿಸುವ ಸಣ್ಣ ಕನ್ವರ್ಟರ್ ಹಾಕಿ.

ಕಾರ್ಡ್‌ಲೆಸ್ ಫೋನನ್ನು ಮರೆಯಬೇಡಿ. ಅದರ ಬೇಸಿಗೂ ಕರೆಂಟ್ ಬೇಕು. ತಂತಿ ಇರುವ ಸಾದಾ ಫೋನ್ ಒಂದನ್ನು ಓಎನ್‌ಟಿ ಪಕ್ಕದಲ್ಲೇ ಇಟ್ಟರೆ ಈ ತಲೆನೋವೇ ಇಲ್ಲ.

ಮನೆಯ ಕರೆಂಟಿಗೆ ವ್ಯವಸ್ಥೆ ಮಾಡಿದರೂ ದಾರಿಯಲ್ಲಿ ಇನ್ನೊಂದು ಪ್ರಶ್ನೆ ಇದೆ. ಎಕ್ಸ್‌ಚೇಂಜಿನಿಂದ ನಿಮ್ಮ ಮನೆಯವರೆಗೆ ಬೆಳಕನ್ನು ಹಂಚುವ ಸ್ಪ್ಲಿಟರಿಗೆ ಕರೆಂಟ್ ಬೇಡ. ಆದರೆ ಬೆಳಕು ಕಳಿಸುವ ಓಎಲ್‌ಟಿ ಎಂಬ ಯಂತ್ರಕ್ಕೆ ಬೇಕು. ಕೆಲವು ಹಳ್ಳಿಗಳಲ್ಲಿ ಅದು ಯಾರದೋ ಅಂಗಡಿಯ ಮೂಲೆಯಲ್ಲಿರುತ್ತದೆ. ಅಲ್ಲಿ ಬ್ಯಾಟರಿ ಎಷ್ಟು ತಾಸಿನದು ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ಡಬ್ಬಿ ಎಲ್ಲಿ, ತಂತಿ ಹೇಗೆ

ಸಿಡಿಲಿನ ವಿಷಯದಲ್ಲಿ ಫೈಬರ್ ನಮಗೆ ದೊಡ್ಡ ಉಪಕಾರ ಮಾಡಿದೆ. ತಾಮ್ರದ ಲೈನಿನಲ್ಲಿ ಸಿಡಿಲು ಓಡಿಬಂದು ಮೋಡೆಮ್ ಸುಟ್ಟ ಮನೆಗಳು ಲೆಕ್ಕವಿಲ್ಲ. ಗಾಜಿನಲ್ಲಿ ಅದು ಬರುವುದಿಲ್ಲ. ಆದರೆ ಮರದಿಂದ ಮರಕ್ಕೆ ಎಳೆದು ಮನೆಗೆ ತರುವ ಡ್ರಾಪ್ ಕೇಬಲಿಗೆ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಆ ಉಕ್ಕನ್ನು ಮನೆಯ ಹೊರಗಿನ ಕೊಕ್ಕೆಯಲ್ಲೇ ಕಟ್ಟಿ ಅಲ್ಲಿಗೇ ಕತ್ತರಿಸಿ, ಬರೀ ಫೈಬರ್ ಎಳೆಯನ್ನು ಒಳಗೆ ತರಲು ಹೇಳಿ. ಕರೆಂಟ್ ಕಡೆಯಿಂದ ಸಿಡಿಲು ಬರುವ ದಾರಿ ಇನ್ನೂ ಇದೆ, ಹಾಗಾಗಿ ಒಳ್ಳೇ ಅರ್ಥಿಂಗ್ ಇರುವ ಪ್ಲಗ್ಗನ್ನೇ ಬಳಸಿ.

ಒಳಗೆ ಬಂದ ಎಳೆಯನ್ನು ಬಾಗಿಲ ಮೂಲೆಯಲ್ಲಿ ಮಡಚಿ ಮೊಳೆ ಹೊಡೆಯಬಾರದು. ಮೂರು ಸೆಂಟಿಮೀಟರ್ ತ್ರಿಜ್ಯಕ್ಕಿಂತ ಚಿಕ್ಕ ಬಾಗು ಬೇಡ. ಇಲಿ ಓಡಾಡುವ ಅಟ್ಟದ ಮೇಲೆ ಬಿಡುವುದಾದರೆ ಪೈಪಿನಲ್ಲಿ ಹಾಕಿ. ಫೈಬರಿನ ತುದಿಗೆ ಕಣ್ಣಿಟ್ಟು ಇಣುಕಬೇಡಿ, ಮಕ್ಕಳಿಗೂ ಹೇಳಿ. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣಿಸುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ.

ಹಾಕಿದವರು ಹೋಗುವ ಮುಂಚೆ ಪವರ್ ಮೀಟರಿನಲ್ಲಿ ಬೆಳಕು ಎಷ್ಟು ಬರುತ್ತಿದೆ ಅಂತ ತೋರಿಸಲು ಹೇಳಿ, ಆ ಅಂಕಿಯನ್ನು ಡಬ್ಬಿಯ ಬೆನ್ನ ಮೇಲೆ ಬರೆದಿಡಿ. ಬೆಳಕಿನ ಬಲವನ್ನು ಡಿಬಿಎಂ ಅನ್ನುವ ಮಾನದಲ್ಲಿ ಅಳೆಯುತ್ತಾರೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಚಿಂತೆಯಿಲ್ಲ. ಮೈನಸ್ 27ರ ಹತ್ತಿರ ಇದ್ದರೆ ಇವತ್ತು ನಡೆಯಬಹುದು, ಆದರೆ ಮಳೆಗಾಲದಲ್ಲಿ ಕೈಕೊಡುತ್ತದೆ. ಬರೀ 3 ಡಿಬಿ ಇಳಿಯಿತೆಂದರೆ ಬೆಳಕು ಅರ್ಧವಾಯಿತು ಅಂತ ಅರ್ಥ. ಮುಂದೆ ದೂರು ಕೊಡುವಾಗ "ಹಾಕಿದ ದಿನ ಮೈನಸ್ 21 ಇತ್ತು, ಈಗ ಮೈನಸ್ 26" ಅಂದರೆ ಆ ಕಡೆಯವರು ಕೂಡಲೇ ಜಾಯಿಂಟ್ ಹುಡುಕಲು ಹೊರಡುತ್ತಾರೆ.

ಇನ್ನು ಮನೆಯೊಳಗಿನ ಹಳೇ ಟೆಲಿಫೋನ್ ತಂತಿ. ಅದನ್ನೇ ಬಳಸಿ ಬೇರೆ ಕೋಣೆಯ ಫೋನ್‌ಗಳನ್ನು ನಡೆಸಬಹುದು. ಆದರೆ ಮೊದಲು ರೋಸೆಟ್ ಡಬ್ಬಿ, ಅಂದರೆ ಗೋಡೆಯ ಮೇಲೆ ಹಳೇ ಫೋನಿನ ತಂತಿ ಸೇರುವ ಸಣ್ಣ ಡಬ್ಬಿ, ಬಿಚ್ಚಿ. ಅದರೊಳಗೆ ಎರಡು ಸ್ಕ್ರೂಗೆ ಎರಡು ಜೋಡಿ ತಂತಿ ಸುತ್ತಿರುತ್ತವೆ. ಒಂದು ಜೋಡಿ ಹೊರಗಿನ ಪೋಸ್ಟಿನಿಂದ ಬಂದದ್ದು, ಇನ್ನೊಂದು ಮನೆಯೊಳಗೆ ಹೋಗುವುದು. ಹೊರಗಿನ ಜೋಡಿಯನ್ನು ಪೂರ್ತಿ ಬಿಡಿಸಿ, ತುದಿಗಳನ್ನು ಬೇರೆ ಬೇರೆಯಾಗಿ ಟೇಪ್ ಸುತ್ತಿ. ಆಮೇಲಷ್ಟೇ ಓಎನ್‌ಟಿಯ ಫೋನ್ ಪೋರ್ಟಿನಿಂದ ಬಂದ ತಂತಿಯನ್ನು ಒಳಗಿನ ಜೋಡಿಗೆ ಕೊಡಿ. ಹೊರಗಿನದನ್ನು ಬಿಡಿಸದೆ ಕೊಟ್ಟರೆ ಎಕ್ಸ್‌ಚೇಂಜಿನ 48 ವೋಲ್ಟ್ ಒಂದು ಕಡೆಯಿಂದ, ಓಎನ್‌ಟಿಯ ವೋಲ್ಟ್ ಇನ್ನೊಂದು ಕಡೆಯಿಂದ ಬಂದು ಪೋರ್ಟ್ ಸುಡಬಹುದು. ಲೈನ್ ಡೆಡ್ ಆಗಿದೆ, ಏನೂ ಬರುವುದಿಲ್ಲ ಅಂತ ನಂಬಿಕೊಂಡು ಕೂರಬೇಡಿ. ಮೀಟರ್ ಹಿಡಿದು ನೋಡಿ.

ಪರೀಕ್ಷೆ

ಡಯಲ್ ಟೋನ್ ಬಂತು, ಒಂದು ಫೋನ್ ಹೋಯಿತು ಅಂತ ಸಹಿ ಹಾಕಬೇಡಿ. ಊರಿನ ಲ್ಯಾಂಡ್‌ಲೈನಿಗೆ ಆರಂಕಿ ಒತ್ತಿ ನೋಡಿ, ಕೋಡ್ ಸೇರಿಸಿಯೂ ನೋಡಿ. ಮೊಬೈಲಿಗೆ ಮಾಡಿ, 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮುಂದೆ ಸೊನ್ನೆ ಹಾಕಲೇಬೇಕು. ಹೊರಗಿನಿಂದ ಕರೆ ಬರಲಿ, ಬಂದವರ ನಂಬರ್ ಕಾಣುತ್ತದಾ ನೋಡಿ. 112 ಮತ್ತು 108 ಹೋಗುತ್ತದೆ ಅಂತ ಹಾಕಿದವರ ಎದುರೇ ಖಾತ್ರಿ ಮಾಡಿಕೊಳ್ಳಿ. ಆ ಕಡೆಯವರಿಗೆ ಪರೀಕ್ಷೆ ಅಂತ ಮೊದಲ ಮಾತಿನಲ್ಲೇ ಹೇಳಿ ಇಟ್ಟುಬಿಡಿ. ನಿಜವಾಗಿ ಬೇಕಾದ ದಿನ ವಿಳಾಸವನ್ನು ಬಾಯಲ್ಲೇ ಹೇಳಬೇಕಾಗಬಹುದು, ಹಾಗಾಗಿ ಊರು, ಅಂಚೆ, ಹತ್ತಿರದ ಗುರುತು ಬರೆದ ಚೀಟಿ ಫೋನ್ ಪಕ್ಕ ಇರಲಿ.

ಡಯಲ್ ಮಾಡಿದ ಮೇಲೆ ನಾಲ್ಕೈದು ಸೆಕೆಂಡು ಸದ್ದೇ ಇರುವುದಿಲ್ಲ, ಹಿರಿಯರು ಫೋನ್ ಕೆಟ್ಟಿದೆ ಅಂತ ಇಟ್ಟುಬಿಡುತ್ತಾರೆ. ಕೆಟ್ಟಿಲ್ಲ. ಇನ್ನೂ ಅಂಕಿ ಬರುತ್ತದಾ ಅಂತ ಡಬ್ಬಿ ಕಾಯುತ್ತಿರುತ್ತದೆ. ನಂಬರಿನ ಕೊನೆಗೆ ಹ್ಯಾಶ್ ಗುಂಡಿ ಒತ್ತಿದರೆ ಬಹಳಷ್ಟು ಡಬ್ಬಿಗಳು ಕೂಡಲೇ ಕಳಿಸುತ್ತವೆ.

ಕೊನೆಗೆ ಕರೆಯ ಮಧ್ಯದಲ್ಲೇ ಮೇನ್ ಸ್ವಿಚ್ ಆರಿಸಿ. ಮಾತು ತುಂಡಾಗಬಾರದು. ತುಂಡಾದರೆ ಬ್ಯಾಕಪ್ ಸರಿಯಿಲ್ಲ.

ಸೊಸೈಟಿ, ಶಾಲೆ, ಆಸ್ಪತ್ರೆಯ ಇಪಿಎಬಿಎಕ್ಸ್

ಇಪಿಎಬಿಎಕ್ಸ್ ಅಂದರೆ ಹೊರಗಿನ ಲೈನನ್ನು ಒಳಗಿನ ಹಲವು ಫೋನಿಗೆ ಹಂಚುವ ಇಂಟರ್‌ಕಾಮ್ ಪೆಟ್ಟಿಗೆ. ಅದು ಇರುವ ಕಡೆ ಕೆಲಸ ಸ್ವಲ್ಪ ಜಾಸ್ತಿ. ಓಎನ್‌ಟಿಯ ಫೋನ್ ಪೋರ್ಟಿನ ತಂತಿಯನ್ನು ಪೆಟ್ಟಿಗೆಯ ಟ್ರಂಕ್ ಪೋರ್ಟಿಗೆ (ಹೊರಗಿನ ಲೈನ್ ಸೇರುವ ಜಾಗ) ಕೊಟ್ಟರೆ ಸಾಮಾನ್ಯವಾಗಿ ನಡೆಯುತ್ತದೆ. ತೊಂದರೆ ಬರುವುದು ಕರೆ ಮುಗಿದಾಗ. ಒಂದು ಸಹಕಾರಿ ಸಂಘದಲ್ಲಿ ಬೆಳಗ್ಗೆ ಸರಿಯಿದ್ದ ಲೈನು ಮಧ್ಯಾಹ್ನದ ಹೊತ್ತಿಗೆ ಹೊರಗಿನವರಿಗೆ ಬರೀ ಬ್ಯುಸಿ ಬರುತ್ತಿತ್ತು. ಆಫೀಸಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಆ ಕಡೆಯವರು ಫೋನ್ ಇಟ್ಟ ಮೇಲೂ ಪೆಟ್ಟಿಗೆ ಲೈನ್ ಹಿಡಿದುಕೊಂಡೇ ಕೂತಿತ್ತು.

ಕಾರಣ ಇಷ್ಟೇ. ನಮ್ಮ ದೇಶದ ಬ್ಯುಸಿ ಟೋನ್ 400 ಹರ್ಟ್ಸ್, ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ಪೆಟ್ಟಿಗೆ ಅದನ್ನು ಕೇಳಿ ಕರೆ ಮುಗಿಯಿತು ಅಂತ ತಿಳಿಯುತ್ತದೆ. ಹೊಸ ಓಎನ್‌ಟಿಯಲ್ಲಿ ದೇಶದ ಸೆಟ್ಟಿಂಗ್ ಚೀನಾ ಅಂತಲೇ ಉಳಿದಿತ್ತು. ಅಲ್ಲಿಯ ಟೋನ್ 450 ಹರ್ಟ್ಸ್, 0.35 ಸೆಕೆಂಡಿನ ಲಯ. ಪೆಟ್ಟಿಗೆಗೆ ಆ ಸದ್ದಿನ ಗುರುತೇ ಸಿಗಲಿಲ್ಲ. ಓಎನ್‌ಟಿ ಸೆಟ್ಟಿಂಗಿನ ವಾಯ್ಸ್ ಪುಟದಲ್ಲಿ ದೇಶವನ್ನು ಭಾರತ ಅಂತ ಬದಲಿಸಿ, ಪೋಲಾರಿಟಿ ರಿವರ್ಸಲ್ (ಎರಡು ತಂತಿಯ ಪ್ಲಸ್-ಮೈನಸ್ ಅದಲುಬದಲು ಮಾಡಿ ಕರೆ ಮುಗಿದದ್ದನ್ನು ತಿಳಿಸುವ ಪದ್ಧತಿ) ಚಾಲೂ ಮಾಡಿದ ಮೇಲೆ ಲೈನ್ ತಾನಾಗಿ ಬಿಡಲು ಶುರುವಾಯಿತು. ನಂಬರ್ ಕಾಣದಿದ್ದರೂ ಇದೇ ಪುಟದಲ್ಲಿ ನೋಡಿ. ಕರೆ ಮಾಡಿದವರ ನಂಬರ್ ಕಳಿಸುವ ಕಾಲರ್ ಐಡಿ ಡಿಟಿಎಂಎಫ್ ಮತ್ತು ಎಫ್‌ಎಸ್‌ಕೆ ಅಂತ ಎರಡು ರೀತಿ ಇರುತ್ತದೆ, ಒಂದರಲ್ಲಿ ಬಾರದಿದ್ದರೆ ಇನ್ನೊಂದು ಹಾಕಿ. ಪೆಟ್ಟಿಗೆಯಲ್ಲಿ ಮೊದಲೇ ಕೂರಿಸಿದ ಸ್ಪೀಡ್ ಡಯಲ್ ನಂಬರುಗಳಿಗೆ ಸೊನ್ನೆ ಸೇರಿದೆಯಾ ಅಂತಲೂ ನೋಡಿ.

ಫ್ಯಾಕ್ಸ್ ಇನ್ನೂ ಬೇಕೇ ಬೇಕು ಅನ್ನುವ ಕಚೇರಿಯವರು ಟಿ.38 (ಇಂಟರ್ನೆಟ್ ದಾರಿಯಲ್ಲಿ ಫ್ಯಾಕ್ಸ್ ಕಳಿಸುವ ಪದ್ಧತಿ) ಚಾಲೂ ಮಾಡಲು ಕೇಳಿ. ಆಗದಿದ್ದರೆ ಸದ್ದನ್ನು ಕುಗ್ಗಿಸದೆ ಅಂಕಿ ಮಾಡುವ ಜಿ.711 ಕೋಡೆಕ್ ಇಟ್ಟು ಫ್ಯಾಕ್ಸಿನ ವೇಗ 9600ಕ್ಕೆ ಇಳಿಸಿ. ಒಟ್ಟಿಗೆ 30 ಕರೆ ನಡೆಸುವ ಪಿಆರ್‌ಐ ಲೈನ್ ಇದ್ದವರು ಸಿಪ್ ಟ್ರಂಕಿಗೆ, ಅಂದರೆ ಇಂಟರ್ನೆಟ್ ಪದ್ಧತಿಯ ಲೈನಿಗೆ, ಹೋಗಬೇಕು. ಅದಕ್ಕೆ ಪೆಟ್ಟಿಗೆಯಲ್ಲಿ ಐಪಿ ಕಾರ್ಡ್ ಇಲ್ಲದಿದ್ದರೆ ಎರಡನ್ನೂ ಹೊಂದಿಸುವ ಗೇಟ್‌ವೇ ಡಬ್ಬಿ ನಡುವೆ ಬೇಕು. ಅದನ್ನು ಪೆಟ್ಟಿಗೆ ಹಾಕಿದವರ ಹತ್ತಿರವೇ ಮಾಡಿಸಿ.

ಲೈನ್ ಕೆಟ್ಟಾಗ

ಹಳೇ ಲೈನಿನ ರೋಗ ಕಿವಿಗೇ ಗೊತ್ತಾಗುತ್ತಿತ್ತು. ಕರಕರ ಅಂದರೆ ಜಾಯಿಂಟಿಗೆ ನೀರು, ಬೇರೆಯವರ ಮಾತು ಕೇಳಿದರೆ ಎರಡು ಜೋಡಿ ಒಂದಕ್ಕೊಂದು ತಾಗಿವೆ. ಫೈಬರಿನಲ್ಲಿ ಕರಕರ ಬರುವುದಿಲ್ಲ. ಬಂದರೆ ದೋಷ ನಿಮ್ಮ ಮನೆಯೊಳಗಿನ ತಂತಿಯಲ್ಲಿ ಅಥವಾ ಫೋನಿನಲ್ಲೇ ಇದೆ. ಇಲ್ಲವೇ ಆ ಬದಿಯವರ ಲೈನು ಇನ್ನೂ ತಾಮ್ರದ್ದು. ಮಾತಿನ ಅಕ್ಷರ ನುಂಗಿದಂತೆ, ಯಂತ್ರ ಮಾತಾಡಿದಂತೆ ಕೇಳಿದರೆ ತುಂಡುಗಳು ದಾರಿಯಲ್ಲಿ ತಪ್ಪುತ್ತಿವೆ. ಮನೆಯಲ್ಲಿ ಯಾರಾದರೂ ದೊಡ್ಡ ಫೈಲ್ ಕಳಿಸುವಾಗ ಮಾತ್ರ ಹೀಗಾದರೆ, ಮಾತಿಗೆ ಬೇರೆ ವಿಎಲ್ಯಾನ್ (ಅದೇ ಫೈಬರಿನೊಳಗೆ ಪ್ರತ್ಯೇಕ ದಾರಿ) ಮತ್ತು ಆದ್ಯತೆ ಕೊಟ್ಟಿದ್ದಾರಾ ಅಂತ ಕೇಳಿ. ಒಂದು ಬದಿಯ ಮಾತು ಮಾತ್ರ ಕೇಳುತ್ತಿದ್ದರೆ, ಅದರಲ್ಲೂ ಓಎನ್‌ಟಿಯ ಹಿಂದೆ ನಿಮ್ಮದೇ ರೂಟರ್ ಇಟ್ಟು ಅದಕ್ಕೆ ಸಿಪ್ ಫೋನ್ (ಇಂಟರ್ನೆಟ್ ಫೋನ್) ಜೋಡಿಸಿದ್ದರೆ, ಆ ರೂಟರಿನಲ್ಲಿ ಸಿಪ್ ಎಎಲ್‌ಜಿ ಅನ್ನುವ ಸೆಟ್ಟಿಂಗನ್ನು ಆಫ್ ಮಾಡಿ ನೋಡಿ.

ದೂರು ಕೊಡುವ ಮುಂಚೆ ದೀಪ ನೋಡಿ. ಎಲ್‌ಓಎಸ್ ಕೆಂಪಾಗಿ ಮಿನುಗಿದರೆ ಬೆಳಕು ಬರುತ್ತಿಲ್ಲ, ಎಲ್ಲೋ ಕೊಂಬೆ ಬಿದ್ದು ಕೇಬಲ್ ತುಂಡಾಗಿರಬಹುದು. ಫೈಬರ್ ಸಂಪರ್ಕ ತೋರಿಸುವ ಪಾನ್ ದೀಪ ಹಸಿರಿದ್ದು, ಇಂಟರ್ನೆಟ್ ಇದ್ದು, ಫೋನ್ ದೀಪ ಮಾತ್ರ ಆರಿದ್ದರೆ ವಾಯ್ಸ್ ರಿಜಿಸ್ಟ್ರೇಷನ್, ಅಂದರೆ ನಿಮ್ಮ ನಂಬರ್ ಎಕ್ಸ್‌ಚೇಂಜಿನಲ್ಲಿ ದಾಖಲಾಗಿರುವುದು, ಹೋಗಿದೆ. ಒಮ್ಮೆ ಆರಿಸಿ ಹಾಕಿ, ಆಗಲೂ ಬಾರದಿದ್ದರೆ ಈ ಮಾತನ್ನೇ ಹೇಳಿ ದೂರು ಕೊಡಿ. ಅದು ಎಕ್ಸ್‌ಚೇಂಜಿನಲ್ಲೇ ಸರಿಯಾಗುತ್ತದೆ, ಕಂಬ ಹತ್ತುವ ಕೆಲಸವಲ್ಲ. ಈ ನಡುವೆ ಫೋನ್ ಬೇಕೆಂದರೆ ಮೊಬೈಲಿನಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡಿಟ್ಟುಕೊಳ್ಳಿ. ಫೈಬರ್ ಇರುವ ತೋಟದ ಮನೆಯಲ್ಲಿ ಟವರ್ ಇಲ್ಲದೆಯೂ ಮೊಬೈಲಿನಿಂದ ಮಾತಾಡಬಹುದು. ಅದನ್ನು ಲ್ಯಾಂಡ್‌ಲೈನ್ ಸರಿಯಿರುವಾಗಲೇ ಒಮ್ಮೆ ಮಾಡಿ ನೋಡಿ.

ಒಂದು ಮಳೆಗಾಲ ಸರಿಯಾಗಿ ಕಳೆದ ಮೇಲೆ ಹಳೇ ಡ್ರಾಪ್ ವೈರನ್ನು ತೆಗೆಸಿ. ಮರಕ್ಕೆ ಕಟ್ಟಿದ್ದರೆ ತೊಗಟೆಯೊಳಗೆ ಹೂತಿರುತ್ತದೆ, ಜಗ್ಗಿ ಎಳೆಯದೆ ಎರಡೂ ಬದಿ ಕತ್ತರಿಸಿ. ತೋಟದಲ್ಲಿ ಬಿಟ್ಟರೆ ಮಳೆಗಾಲದಲ್ಲಿ ಅಡಿಕೆ ಗೊನೆಗೆ ಔಷಧಿ ಹೊಡೆಯಲು ಮರ ಹತ್ತುವವರ ಕಾಲಿಗೆ ಸಿಕ್ಕುತ್ತದೆ. ಪೋಸ್ಟ್ ಮತ್ತು ಅದರಾಚೆಯ ತಂತಿ ಇಲಾಖೆಯದು, ಅದನ್ನು ಮುಟ್ಟಬೇಡಿ, ತೆಗೆಯಿರಿ ಅಂತ ಬರೆದುಕೊಡಿ.